ಪೊರಕೆಯೊಂದು ಇರಲಿ

ಹೌಮಿನ್ ತನ್ನ ಮೊಬೈಲ್ ಅಂಗಡಿಯ ಬಾಗಿಲು ಎತ್ತಿ, ಬಾಯಿಗೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಗ್ವೇಶಿಯಾನ್ ಬಂದು ನಿಂತಿದ್ದಳು. ಚೀನಾದ ಹುನಾನ್ ಪ್ರಾಂತ್ಯದ ಆ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಸ ಗುಡಿಸಿ ನಿವೃತ್ತಳಾದವಳು. ಇವನ ಮನೆಯ ಕೆಳಗಿನ ಮಹಡಿಯಲ್ಲೇ ಅವಳ ಮನೆ. ಎರಡೂವರೆ ತಿಂಗಳ ಹಿಂದೆ ಇವನ ಹತ್ತಿರವೇ ಕೊಂಡಿದ್ದ ಫೋನನ್ನು ಮೇಜಿನ ಮೇಲಿಟ್ಟಳು.

"ನೋಡಪ್ಪ, ಕರೆ ಬಂದ್ರೆ ತೆಗೆಯೋಕೇ ಬಿಡಲ್ಲ ಇದು. ಒಬ್ಬಳು ಬಂದು ಚಿನ್ನ ತಗೋ ಅಂತಾಳೆ, ಇನ್ನೊಬ್ಬ ಬಂದು ಹಲ್ಲುಜ್ಜು ಅಂತಾನೆ. ನನಗಿರೋದೇ ಒಂಬತ್ತು ಹಲ್ಲು!"

ಹೌಮಿನ್ ನಕ್ಕ. ಅವಳು ನಗಲಿಲ್ಲ. ಅವಳ ಗಂಡ ತಾನ್‌ನ ಹೃದಯದ ಕವಾಟ ಕೆಟ್ಟಿತ್ತು. ಪ್ರಾಂತ್ಯದ ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹಾಸಿಗೆ ಖಾಲಿಯಾದ ದಿನ ಕರೆ ಮಾಡುತ್ತೇವೆ, ಮೂರು ಸಲ ಮಾಡುತ್ತೇವೆ, ತೆಗೆಯದಿದ್ದರೆ ಮುಂದಿನವರಿಗೆ ಕೊಡುತ್ತೇವೆ ಎಂದಿದ್ದರು. ಆ ಕರೆಗಾಗಿ ಅವಳು ಸ್ನಾನದ ಮನೆಗೂ ಫೋನ್ ಒಯ್ಯುತ್ತಿದ್ದಳು.

"ಬೇಡದ್ದನ್ನೆಲ್ಲ ಕಿತ್ತು ಹಾಕ್ತೀನಿ, ಕೂತ್ಕೋ ದೊಡ್ಡಮ್ಮ" ಎಂದು ಹೌಮಿನ್ ಆ್ಯಪ್‌ಗಳನ್ನು ಒಂದೊಂದಾಗಿ ಅಳಿಸತೊಡಗಿದ. ಆಟ, ಲಾಟರಿ, ಕಾದಂಬರಿ, ಚಿನ್ನದಂಗಡಿ. ಅವಳು ಒಂದನ್ನೂ ಬೇಡಿ ಹಾಕಿಸಿಕೊಂಡಿರಲಿಲ್ಲ. ಕೊನೆಗೆ, ಫೋನ್ ಸ್ವಚ್ಛ ಮಾಡುವ ಆ್ಯಪಿನ ಹಸಿರು ಪೊರಕೆಯ ಚಿತ್ರದ ಮೇಲೆ ಅವನ ಬೆರಳು ಹೋದಾಗ ಅವಳು ಕೈ ಹಿಡಿದುಕೊಂಡಳು.

"ಅದೊಂದು ಬಿಡಪ್ಪ. ಇದರೊಳಗೆ ಕೆಲಸ ಮಾಡೋದು ಅದೊಂದೇ. ದಿನಾ ಬೆಳಗ್ಗೆ ಎಷ್ಟು ಕಸ ಇದೆ ಅಂತ ಹೇಳುತ್ತೆ. ನಾನು ಒತ್ತಿ ಗುಡಿಸ್ತೀನಿ. ಕಸ ಕಣ್ಣಿಗೆ ಬಿದ್ಮೇಲೆ ಸುಮ್ನೆ ಕೂರೋಕೆ ನನಗಾಗಲ್ಲ."

ಹೌಮಿನ್‌ಗೆ ಚೆನ್ನಾಗಿ ಗೊತ್ತಿತ್ತು. ಅಳಿಸಿದ್ದನ್ನೆಲ್ಲ ಫೋನಿಗೆ ಎಳೆದು ತಂದದ್ದೇ ಆ ಪೊರಕೆ. ಅವಳು ಗುಡಿಸಿದಷ್ಟೂ ಅದು ಹೊಸ ಜಾಹೀರಾತು ತಂದು ಸುರಿಯುತ್ತಿತ್ತು. ಮಾರುವ ಮೊದಲು ಪೆಟ್ಟಿಗೆ ಬಿಚ್ಚಿ ಅದನ್ನು ಫೋನಿಗೆ ತುಂಬಿದವನೂ ಅವನೇ. ಆ ಬೀದಿಯ ಎಲ್ಲ ಅಂಗಡಿಯವರೂ ತುಂಬುತ್ತಿದ್ದರು. ಮೂರು ತಿಂಗಳು ಅದು ಫೋನಿನಲ್ಲಿ ಉಳಿದರೆ ಆ್ಯಪ್ ಕಂಪನಿಯ ಏಜೆಂಟನಿಂದ ಇನಾಮು ಸಿಗುತ್ತಿತ್ತು. ಇವಳ ಫೋನಿಗೆ ಇನ್ನು ಹನ್ನೊಂದು ದಿನ ಬಾಕಿ. ಹೇಳಬೇಕೆಂದು ಬಾಯಿ ತೆರೆದವನು ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದ, ಅಷ್ಟೆ.

"ಸರಿ, ನಿನಗಿಷ್ಟ ಇದ್ರೆ ಇರಲಿ" ಎಂದ.

ಅವಳು ಸಂತೋಷದಿಂದ ಚೀಲದಲ್ಲಿದ್ದ ನಾಲ್ಕು ಕಿತ್ತಳೆಗಳನ್ನು ಮೇಜಿನ ಮೇಲಿಟ್ಟು ಹೋದಳು.

ಒಂದು ವಾರದ ಮೇಲೆ ಮತ್ತೆ ಬಂದಳು. ಫೋನನ್ನು ಬಟ್ಟೆಯಲ್ಲಿ ಸುತ್ತಿದ್ದಳು.

"ಕರೆ ಬಂದಿತ್ತು" ಎಂದಳು. "ನಿನ್ನೆ ಬೆಳಗ್ಗೆ. ಶಾವಿಗೆ ಬೇಯಿಸ್ತಿದ್ದೆ. ರಿಂಗ್ ಆಯ್ತು, ಓಡಿ ಬಂದೆ. ಹಸಿರು ಗುಂಡಿ ಒತ್ತಿದ್ರೆ ಕಸ ಗುಡಿಸಿ ಅಂತ ಬಂತು. ಗುಡಿಸಿದೆ. ಹಲ್ಲಿನ ಪೇಸ್ಟು ಬಂತು. ಅದರ ಹಿಂದೆ ರಿಂಗ್ ಆಗ್ತಾನೇ ಇತ್ತು ಹೌಮಿನ್. ಮೂರು ಸಲ. ಆಮೇಲೆ ನಾನೇ ಮಾಡಿದೆ. ಹಾಸಿಗೆ ಬೇರೆಯವರಿಗೆ ಕೊಟ್ವಿ, ಇನ್ನು ನಾಲ್ಕು ತಿಂಗಳಾಗುತ್ತೆ ಅಂದ್ರು."

"ಡಾಕ್ಟರು ಏನಂತಾರೆ?"

"ನಮ್ಮ ಮುದುಕನಿಗೆ ನಾಲ್ಕು ತಿಂಗಳು ಇದೆ ಅಂತ ಡಾಕ್ಟರು ಹೇಳಲ್ಲ." ಬಟ್ಟೆಯ ತುದಿಯಿಂದ ಫೋನಿನ ಗಾಜು ಒರೆಸಿದಳು. "ತಪ್ಪು ನಂದೇ. ನಿನ್ನೆ ಏಳೋದು ತಡ ಆಯ್ತು. ಬೆಳಗ್ಗೇನೇ ಗುಡಿಸಿಬಿಟ್ಟಿದ್ರೆ ಹೀಗಾಗ್ತಿರಲಿಲ್ಲ."

ಅವಳು ಬೈದಿದ್ದರೆ ಹೌಮಿನ್ ಏನಾದರೂ ನೆಪ ಹೇಳಿ ಪಾರಾಗುತ್ತಿದ್ದನೇನೋ. ಈ ಮಾತು ಕೇಳಿ ಅವನಿಗೆ ಕೂರಲಾಗಲಿಲ್ಲ. ಅಡಿಕೆಯನ್ನು ಹೊರಗೆ ಉಗಿದು ಬಂದ.

"ನಿನ್ನ ತಪ್ಪಲ್ಲ ದೊಡ್ಡಮ್ಮ. ಆ ಕಸ ಎಲ್ಲ ತರ್ತಿದ್ದಿದ್ದು ಆ ಪೊರಕೇನೇ. ಅದನ್ನ ಹಾಕಿದ್ದು ನಾನು."

"ಗೊತ್ತಿತ್ತಾ ನಿನಗೆ? ಹೋದ ವಾರ ಕೇಳಿದಾಗ?"

"ಗೊತ್ತಿತ್ತು."

ಅವಳು ಫೋನನ್ನು ಅವನ ಕಡೆ ತಳ್ಳಿದಳು. "ಮೂವತ್ತು ವರ್ಷದಲ್ಲಿ ಕಸ ಹಾಕೋರನ್ನೆಲ್ಲ ಬೈದಿದ್ದೀನಿ" ಎಂದಳು. "ಪೊರಕೆ ಮೇಲೆ ಅನುಮಾನ ಬಂದಿರಲಿಲ್ಲ."

ಪೊರಕೆ ಸುಲಭಕ್ಕೆ ಹೋಗಲಿಲ್ಲ. ಅಳಿಸಿದರೆ ಮತ್ತೆ ಬಂದು ಕೂರುತ್ತಿತ್ತು. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಬೇರುಸಹಿತ ಕೀಳಲು ಅರ್ಧ ಗಂಟೆ ಬೇಕಾಯಿತು. ಅವಳು ಫೋನ್ ತೆಗೆದುಕೊಂಡು ಹೋದಳು. ಆ ದಿನ ಕಿತ್ತಳೆ ತಂದಿರಲಿಲ್ಲ.

ಹೌಮಿನ್ ದೊಡ್ಡಾಸ್ಪತ್ರೆಗೆ ಕರೆ ಮಾಡಿ, ತಾನೇ ಮಗನೆಂದು ಸುಳ್ಳು ಹೇಳಿ ಅಂಗಲಾಚಿದ. ಹುಡುಗಿಯೊಬ್ಬಳು ಮೃದುವಾಗಿಯೇ, ಆಗುವುದಿಲ್ಲ ಎಂದಳು. ಆಮೇಲೆ ಮಾರಲು ಸಿದ್ಧವಾಗಿದ್ದ ಫೋನುಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಒಂದೊಂದರಿಂದಲೂ ಪೊರಕೆ ಕೀಳಲು ಕೂತ. ಮೂರನೆಯದು ಮುಗಿಯುವ ಮೊದಲೇ ಏಜೆಂಟ್ ಕರೆ ಮಾಡಿದ.

"ಏನಯ್ಯಾ, ತಲೆ ಕೆಟ್ಟಿದ್ಯಾ? ನನ್ನ ಪರದೆ ಮೇಲೆ ನಿನ್ನ ಅಂಗಡಿ ಪೊರಕೆಗಳು ಒಂದೊಂದೇ ಸಾಯ್ತಿವೆಯಲ್ಲ?"

"ನಾನೇ ತೆಗೀತಿದ್ದೀನಿ."

"ತೆಗಿ, ತೆಗಿ. ಎದುರಂಗಡಿಯವನು ಹಾಕ್ತಾನೆ. ಮುಂದಿನ ಸಲ ಬರೋ ಫೋನಲ್ಲಿ ಕಾರ್ಖಾನೆಯವರೇ ಒಳಗೆ ಕೂರಿಸಿ ಕಳಿಸ್ತಾರೆ, ನಿನ್ನಪ್ಪ ಬಂದ್ರೂ ಕೀಳೋಕಾಗಲ್ಲ."

ಅವನು ಹೇಳಿದ್ದು ಸುಳ್ಳಲ್ಲವೆಂದು ಹೌಮಿನ್‌ಗೆ ಗೊತ್ತಿತ್ತು. ಆದರೂ ನಾಲ್ಕನೆಯ ಪೆಟ್ಟಿಗೆ ಬಿಚ್ಚಿದ.

ಮಧ್ಯಾಹ್ನ ಒಂದು ಅನುಮಾನ ಕಾಡಿತು. ಗ್ವೇಶಿಯಾನಳ ಫೋನಿನಲ್ಲಿ ಪೊರಕೆ ಮತ್ತೆ ತಲೆ ಎತ್ತಿದ್ದರೆ? ಪರೀಕ್ಷಿಸೋಣವೆಂದು, ಹಿಂದುಮುಂದು ಯೋಚಿಸದೆ, ಅಂಗಡಿಯ ಫೋನಿನಿಂದ ಅವಳ ನಂಬರು ಒತ್ತಿದ. ಮೊದಲ ರಿಂಗಿಗೇ ಎತ್ತಿದಳು.

"ಆಸ್ಪತ್ರೆಯವರಾ? ಇದ್ದೀವಿ, ಇದ್ದೀವಿ! ಈಗಲೇ ಹೊರಡ್ತೀವಿ!"

ಅವಳ ಹಿಂದೆ ಮುದುಕನ ಕೆಮ್ಮು ಕೇಳಿಸಿತು. ಮಂಚ ಕಿರುಗುಟ್ಟಿತು. "ನನ್ನ ಬೂಟ್ಸೆಲ್ಲಿ? ಬೂಟ್ಸ್ ಕೊಡೇ!" ಎನ್ನುತ್ತಿದ್ದ.

"ದೊಡ್ಡಮ್ಮ... ನಾನು, ಹೌಮಿನ್. ಫೋನ್ ಸರಿಯಾಯ್ತಾ ಅಂತ ನೋಡೋಕೆ ಮಾಡಿದೆ."

ಆ ಕಡೆ ಬೂಟ್ಸ್ ನೆಲಕ್ಕಿಟ್ಟ ಸದ್ದಾಯಿತು.

"ಸರಿಯಾಗಿದೆ ಕಣಪ್ಪ" ಎಂದಳು ಗ್ವೇಶಿಯಾನ್. "ಚೆನ್ನಾಗಿ ಕೇಳಿಸ್ತಿದೆ." ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಗಂಡನಿಗೆ ಹೇಳಿದಳು: "ಮಲಕ್ಕೊಳ್ಳಿ. ಅವರಲ್ಲ."