ಪಾಕ ನೋಡುವ ಬೆರಳು

ಕೊಪ್ಪರಿಗೆಯಿಂದ ಕುದಿವ ಪಾಕವನ್ನು ಸೌಟಿನಲ್ಲಿ ತೆಗೆದು, ತಣ್ಣೀರಿಗೆ ಬಿಟ್ಟು, ಚಿಕ್ಕಬೋರಯ್ಯ ಎರಡು ಬೆರಳ ನಡುವೆ ಉರುಳಿಸಿದ. ಏನೂ ತಿಳಿಯಲಿಲ್ಲ. ಮತ್ತೆ ಉರುಳಿಸಿದ. ಯಲಿಯೂರಿನ ಆಲೆಮನೆಯಲ್ಲಿ ಮೂವತ್ತು ವರ್ಷ ಬೆಲ್ಲದ ಹದ ಹೇಳಿದ ಬೆರಳು ಈಗ ಬರೀ ಮರದ ತುಂಡು.

"ಇಳ್ಸದಾ ಬೋರಯ್ಯ?" ಮಾಲೀಕ ಮಹದೇವಯ್ಯ ಕೇಳಿದ.

"ಇಳ್ಸಿ" ಎಂದುಬಿಟ್ಟ. ಗೊತ್ತಾಗುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಬೆಲ್ಲ ಸಂಜೆಯಾದರೂ ಅಚ್ಚಿನಲ್ಲಿ ಅಂಟಂಟಾಗಿಯೇ ಕೂತಿತ್ತು. ಮಹದೇವಯ್ಯ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವನಿಗೆ ಶ್ವಾಸಕೋಶದ ಕ್ಯಾನ್ಸರ್, ಅದರಲ್ಲೂ ಬೇಗ ಹಬ್ಬುವ ಜಾತಿಯದು ಎಂದಿದ್ದರು ಡಾಕ್ಟರು. ಮೂರು ವಾರಕ್ಕೊಮ್ಮೆ ಮೂರು ದಿನ, ಎರಡು ಔಷಧ ಕೂಡಿಸಿ ನರಕ್ಕೆ ಹಾಕುತ್ತಿದ್ದರು. ಮೂರು ಸುತ್ತು ಮುಗಿಯುವಷ್ಟರಲ್ಲಿ ಗಡ್ಡೆ ಅರ್ಧ ಕರಗಿತ್ತು. ಬೆರಳು ಜೋಮು ಹಿಡಿದದ್ದೂ ಅದೇ ಔಷಧದಿಂದ. ಮುಂದುವರಿದರೆ ಜೋಮು ಇನ್ನೂ ಹೆಚ್ಚಬಹುದು, ಬಿಟ್ಟರೆ ಗಡ್ಡೆ ಮೊದಲಿಗಿಂತ ಜೋರಾಗಿ ಬೆಳೆಯುತ್ತದೆ. ನಾಲ್ಕನೆಯ ಸುತ್ತು ಸೋಮವಾರವಿತ್ತು.

"ನಾ ಓಗಕಿಲ್ಲ ಕಣಮ್ಮಿ" ಎಂದ ಹೆಂಡತಿ ಶಿವನಂಜಮ್ಮನಿಗೆ. "ಬೆರಳೇ ಸತ್ತೋದ್ಮೇಲೆ ಉಳ್ಕಂಡು ಏನ್ ಮಾಡ್ಲಿ?"

ಅವಳೂ ಅದೇ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವಳು. "ನನ್ ಬೆರಳಿಲ್ವಾ? ನಾನ್ ಮುಟ್ಟಿ ಯೋಳ್ತೀನಿ, ನೀನ್ ಪಾಕದ ಅದ ಯೋಳು" ಎಂದಳು.

ಮಾರನೆಯ ದಿನ ಇಬ್ಬರೂ ಕೊಪ್ಪರಿಗೆಯ ಬಳಿ ನಿಂತರು.

"ಎಂಗದೆ?"

"ಜಾರ್ತದೆ."

"ತಡಿ. ಈಗ?"

"ಉಂಡೆ ಆಯ್ತದೆ. ಅಮುಕುದ್ರೂ ಒಡಿಯಕಿಲ್ಲ."

"ಇಳ್ಸಿ."

ಎರಡು ಕೊಪ್ಪರಿಗೆ ಹಾಗೆಯೇ ಆಯಿತು. ಅಚ್ಚುಗಳೆಲ್ಲ ಗಟ್ಟಿಯಾಗಿ, ಒಳ್ಳೆ ಬಣ್ಣದಲ್ಲಿ ಬಿದ್ದವು. ಚಿಕ್ಕಬೋರಯ್ಯನಿಗೆ ಹೋದ ಜೀವ ಬಂದಂತಾಗಿತ್ತು. ಮೂರನೆಯದು ಕುದಿಯುವಾಗ ಮಹದೇವಯ್ಯ ಬಂದು, ಅವನನ್ನು ದಾಟಿ ಅವಳ ಮುಂದೆ ಹೋಗಿ ನಿಂತ.

"ಶಿವನಂಜಮ್ಮ, ಇಳ್ಸದಾ?"

ಅವಳು ಗಂಡನ ಮುಖ ನೋಡಿದಳು. ಅವನು ಕೊಪ್ಪರಿಗೆ ನೋಡುತ್ತಿದ್ದ.

"ಯೋಳಮ್ಮಿ. ನಿನ್ನೇ ಕೇಳ್ತಾವ್ರೆ."

"ಇಳ್ಸಿ" ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಆಳುಗಳು ಕೊಪ್ಪರಿಗೆ ಬಗ್ಗಿಸಿದರು. ಚಿಕ್ಕಬೋರಯ್ಯ ಹೊರಗೆ ಬಂದು ಜಗಲಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅವಳು ಬಂದು ಪಕ್ಕದಲ್ಲಿ ನಿಂತಳು. ಅವಳ ಬೆರಳಿಗೆ ಪಾಕ ಇನ್ನೂ ಮೆತ್ತಿಕೊಂಡಿತ್ತು.

"ಸೋಮ್ವಾರ ಆಸ್ಪತ್ರೆಗೆ ನಾನೊಬ್ನೇ ಓಯ್ತೀನಿ" ಎಂದ. "ನೀನ್ ಕೊಪ್ಪರಿಗೆ ಬುಟ್ಟು ಬರಂಗಿಲ್ಲ."