ಉಲ್ಲಂಕಿಯ ಗೂಡಿಗೆ ಕಡಿದ ದಾರಿ

"ಯಾರೂ ಅಲುಗಾಡಬೇಡಿ. ಈಗ ಏಳ್ತದೆ ನೋಡಿ," ಎಂದು ಪಿಸುಗುಟ್ಟಿದ ವಿಷ್ಣುಪ್ರಸಾದ ಮೊಬೈಲನ್ನು ಹುಲ್ಲಿನ ಮೇಲಕ್ಕೆ ಹಿಡಿದ. ಅದರಿಂದ ಹೆಣ್ಣು ಉಲ್ಲಂಕಿಯ ಕೂಗು ಹೊರಟಿತು. ಖಾಲಿ ಶೀಶೆಯ ಬಾಯಿಗೆ ಯಾರೋ ಊದಿದಂತಹ ಸದ್ದು. ಎದುರಿನ ಹುಲ್ಲು ಅಲುಗಾಡಿತು. ಗೂಡಿನಲ್ಲಿ ಕಾವು ಕೂತಿದ್ದ ಗಂಡು ಹಕ್ಕಿ ಎದ್ದು, ಕಣ್ಣಿನ ಸುತ್ತಲಿನ ಬಿಳಿ ಗೆರೆ ಚೆನ್ನಾಗಿ ಕಾಣುವಂತೆ ಬಯಲಿಗೆ ಬಂದು ನಿಂತಿತು. ಮೈಸೂರಿನ ಅತಿಥಿಗಳ ಕ್ಯಾಮೆರಾಗಳು ಒಟ್ಟಿಗೇ ಸದ್ದು ಮಾಡಿದವು. ಹಕ್ಕಿ ಬೆದರಿ ಹಾರಿಹೋಯಿತು.

"ಇಷ್ಟು ಹತ್ತಿರದಿಂದ ನಾವು ಎಲ್ಲೂ ನೋಡಿರಲಿಲ್ಲ," ಎಂದು ಅತಿಥಿಗಳು ಅವನ ಕೈ ಕುಲುಕಿದರು.

ಅವರು ಹೊರಟ ಮೇಲೆ ಗಾನಶ್ರೀ ದೋಸೆಯ ಕಾವಲಿ ಇಳಿಸುತ್ತ ಗಂಡನನ್ನು ಕೇಳಿದಳು. "ಪುನಃ ಗೂಡಿನ ಹತ್ತಿರವೇ ಕರ್ಕೊಂಡು ಹೋದ್ದಾ?"

"ಮತ್ತೆಂತ ಮಾಡುದು? ಅಷ್ಟು ದೂರದಿಂದ ಬಂದವರಿಗೆ ಹುಲ್ಲು ತೋರಿಸಿ ಕಳಿಸುದಾ?"

ಅವನ ಮಾತಿನಲ್ಲೂ ನ್ಯಾಯವಿತ್ತು. ಪೆರಾಬೆಯ ಆ ಬೈಲು ಅವನಿಗೂ ಅಣ್ಣ ರಾಧಾಕೃಷ್ಣನಿಗೂ ಸೇರಿದ್ದು. ಬೇಸಾಯ ಬಿಟ್ಟ ಮೇಲೆ ಗದ್ದೆಗಳು ಹಡಿಲು ಬಿದ್ದವು. ಪಕ್ಕದಲ್ಲಿ ಹರಿಯುವ ತೋಡಿನ ನೀರು ನುಗ್ಗಿ ನಿಂತಿತು, ಜೊಂಡು ಬೆಳೆಯಿತು. ಮೊದಲು ಹುಂಡುಕೋಳಿಗಳು ಬಂದವು, ಆಮೇಲೆ ಬಣ್ಣದ ಉಲ್ಲಂಕಿಗಳು. ಮಣ್ಣು ತುಂಬಿಸಿ ಅಡಿಕೆ ಸಸಿ ನೆಡುವ ಎಂದು ಅಣ್ಣನ ಹಟ. ಹಕ್ಕಿ ನೋಡಲು ಜನ ಬರುತ್ತಾರೆ, ಅದರಲ್ಲೂ ಬದುಕು ಉಂಟು ಎಂದು ತಮ್ಮನ ವಾದ. "ಆಯಿತು, ಜನ ಬರುವಷ್ಟು ದಿನ ಇರಲಿ," ಎಂದು ಅಣ್ಣ ಅರೆಮನಸ್ಸಿನಿಂದ ಒಪ್ಪಿದ್ದ. ಹಾಗಾಗಿ ಬಂದವರು ಬರಿಗೈಯಲ್ಲಿ ಮರಳಬಾರದೆಂಬ ಆತಂಕ ವಿಷ್ಣುಪ್ರಸಾದನನ್ನು ಸದಾ ಕಾಡುತ್ತಿತ್ತು. ಗೂಡು ಕಂಡ ದಿನವೇ ಅವನು ಕತ್ತಿ ಹಿಡಿದು, ಬದುವಿನಿಂದ ಗೂಡಿನವರೆಗೆ ಹುಲ್ಲು ಸವರಿ ದಾರಿ ಮಾಡಿದ್ದ. ಫೋಟೋಗೆ ಅಡ್ಡ ಬರುತ್ತಿದ್ದ ಜೊಂಡನ್ನೂ ಬಗ್ಗಿಸಿ ಕಟ್ಟಿದ್ದ.

ಎರಡು ದಿನ ಕಳೆದು ಸುಳ್ಯದಿಂದ ತಾಯಿ ಮಗಳು ಬಂದರು. ಮಗಳು ಮಿಸ್ರಿಯಾ ಉಗಾಂಡದ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಯಲ್ಲಿ ಊರಿಗೆ ಬಂದವಳು ತಾಯಿ ಕದೀಜಮ್ಮನನ್ನೂ ಹೊರಡಿಸಿಕೊಂಡು ಬಂದಿದ್ದಳು.

"ಎಂತ ಹಕ್ಕಿಯೋ ಏನೋ. ಇವಳ ಹಟಕ್ಕೆ ಬಂದದ್ದು ಮಾರಾಯ್ರೆ, ಕಾಲುನೋವು ಬೇರೆ," ಎಂದರು ಕದೀಜಮ್ಮ.

"ದಾರಿ ಸಲೀಸು ಉಂಟು, ಹೆದರಬೇಡಿ," ಎಂದು ವಿಷ್ಣುಪ್ರಸಾದ ಮುಂದೆ ನಡೆದ.

ನಿಜಕ್ಕೂ ದಾರಿ ಸಲೀಸಾಗಿತ್ತು. ಅಷ್ಟು ಜನ ಓಡಾಡಿ ಮನೆಯಂಗಳದಂತೆ ಆಗಿತ್ತು. ತಿರುವು ದಾಟಿದ ಅವನು ಗಕ್ಕನೆ ನಿಂತ. ಗೂಡಿನ ಕಡೆಯಿಂದ ಒಂದು ಕೆಂಬೂತ ಅದೇ ದಾರಿಯಲ್ಲಿ ಎದುರಾಗಿ ಬರುತ್ತಿತ್ತು. ಅವಸರವಿಲ್ಲ, ಅಂಜಿಕೆಯಿಲ್ಲ. ಇವರನ್ನು ಕಂಡು ಕೆಂಪು ಕಣ್ಣು ಹೊರಳಿಸಿ, ಪಕ್ಕದ ಪೊದೆಗೆ ನುಸುಳಿತು. ವಿಷ್ಣುಪ್ರಸಾದ ಓಡಿದ. ಗೂಡಿನಲ್ಲಿ ಚಿಪ್ಪಿನ ಚೂರುಗಳಿದ್ದವು, ಹುಲ್ಲಿಗೆ ಹಳದಿ ಅಂಟಿತ್ತು. ಗಂಡು ಉಲ್ಲಂಕಿ ಸ್ವಲ್ಪ ಆಚೆ ಕೆಸರಿನಲ್ಲಿ ಅತ್ತ ಇತ್ತ ನಡೆಯುತ್ತಿತ್ತು. ಗೂಡಿನ ತನಕ ಬಂದು, ಒಮ್ಮೆ ಬಗ್ಗಿ ನೋಡಿ, ಮತ್ತೆ ದೂರ ಹೋಗುತ್ತಿತ್ತು.

ಕದೀಜಮ್ಮ ಕಡಿದ ಹುಲ್ಲಿನ ಬುಡಗಳನ್ನು ನೋಡಿದರು. "ಈ ದಾರಿ ಯಾರು ಮಾಡಿದ್ದು?"

"ನಾನೇ."

"ಪಾಪ, ಕೆಂಬೂತಕ್ಕೆ ಹುಡುಕುವ ಕಷ್ಟವೇ ಆಗಲಿಲ್ಲ," ಎಂದರು ಅವರು. ಚುಚ್ಚುವ ಉದ್ದೇಶ ಅವರಿಗೆ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು ಅಷ್ಟೆ. ವಿಷ್ಣುಪ್ರಸಾದನಿಗೆ ಮಾತ್ರ ತಲೆಯೆತ್ತಲು ಆಗಲಿಲ್ಲ.

ಮನೆಗೆ ಮರಳಿದ ಮೇಲೆ ಗಾನಶ್ರೀ ಚಹಾ ತಂದಿಟ್ಟಳು. ಮಿಸ್ರಿಯಾ ಲೋಟ ಕೈಗೆತ್ತಿಕೊಂಡು ಮಾತು ಶುರು ಮಾಡಿದಳು.

"ನಾನಿರುವ ಊರಿನ ಹತ್ತಿರ ಒಂದು ದೊಡ್ಡ ಜೌಗು ಉಂಟು. ಆಳೆತ್ತರದ ಜೊಂಡು, ನಡುವೆ ಸಣ್ಣ ದೋಣಿಯಲ್ಲಿ ಹೋಗಬೇಕು. ಪಾದರಕ್ಷೆಯಷ್ಟು ದೊಡ್ಡ ಕೊಕ್ಕಿನ ಒಂದು ಹಕ್ಕಿ ಅಲ್ಲಿ ಇರುದು. ಅದನ್ನು ನೋಡಲಿಕ್ಕೆಂದೇ ಜನ ಬರ್ತಾರೆ. ನಾವು ಹೋದ ದಿನ ಜೊಂಡಿನ ಆಚೆ ಅದರ ಬೆನ್ನು ಮಾತ್ರ ಕಂಡಿತು. ಇನ್ನೂ ಹತ್ತಿರ ಹೋಗುವ ಅಂತ ನಮ್ಮವರೆಲ್ಲ ಗಲಾಟೆ. ದೋಣಿಯವನು ಹುಟ್ಟನ್ನು ಒಳಗಿಟ್ಟು ಕೂತುಬಿಟ್ಟ. ಅದು ಮೀನಿಗೆ ಕಾಯ್ತಾ ಉಂಟು, ನಾವು ಅದಕ್ಕೆ ಕಾಯುವ ಅಂದ. ಅಷ್ಟರಲ್ಲಿ ಅದು ಹಾರಿಹೋಯ್ತು."

"ಹಾಗಾದರೆ ಸರಿಯಾಗಿ ಕಾಣಲೇ ಇಲ್ಲವಾ?" ಎಂದ ವಿಷ್ಣುಪ್ರಸಾದ.

"ಇಲ್ಲ."

"ಅದೇ ನಾನು ಹೇಳುದು! ಅದು ಹೆಸರಾದ ಜಾಗ, ಅಲ್ಲಿ ಜನಕ್ಕೆ ಕೊರತೆ ಇಲ್ಲ. ನನ್ನಲ್ಲಿಗೆ ಬಂದವರು ಕಾಣದೆ ಹೋದರೆ ಆಯಿತು, ಪುನಃ ಈ ಕಡೆ ತಲೆ ಹಾಕುದಿಲ್ಲ. ಜನ ಬಾರದಿದ್ದರೆ ಅಣ್ಣ ಮಣ್ಣು ಹಾಕಿಸ್ತಾನೆ. ಆಮೇಲೆ ಗೂಡು ಎಲ್ಲಿ, ಹಕ್ಕಿ ಎಲ್ಲಿ?"

"ನಾನು ಪುನಃ ಹೋದೆ ಅಣ್ಣಾ," ಎಂದಳು ಮಿಸ್ರಿಯಾ. "ಕಾಣದೆ ಬಂದದ್ದಕ್ಕೇ ಹೋದದ್ದು. ಆ ದಿನವೇ ಮೂಗಿನ ಹತ್ತಿರ ತಂದು ತೋರಿಸಿದ್ದರೆ ಪ್ರಾಯಶಃ ಹೋಗ್ತಿರಲಿಲ್ಲ."

"ಎಲ್ಲರೂ ನಿಮ್ಮ ಹಾಗೆ ಇರುದಿಲ್ಲ."

"ಅದೂ ಹೌದು," ಎಂದು ಅವಳು ಒಪ್ಪಿಕೊಂಡಳು.

ಹೊರಡುವಾಗ ಕದೀಜಮ್ಮ ಗಾನಶ್ರೀಯ ಕೈ ಹಿಡಿದುಕೊಂಡು, "ಅದು ಇನ್ನೊಮ್ಮೆ ಮೊಟ್ಟೆ ಇಡ್ತದಾ?" ಎಂದು ಕೇಳಿದರು. ಇಡಬಹುದು ಎಂದಳು ಗಾನಶ್ರೀ. "ಇಟ್ಟರೆ ಹೇಳಿ. ಬರುದಕ್ಕಲ್ಲ, ಸುಮ್ಮನೆ ತಿಳ್ಕೊಳ್ಳಲಿಕ್ಕೆ."

ಆ ಸಂಜೆಯೇ ವಿಷ್ಣುಪ್ರಸಾದ ಬಗ್ಗಿಸಿ ಕಟ್ಟಿದ್ದ ಜೊಂಡನ್ನು ಬಿಚ್ಚಿದ. ದಾರಿಯ ಬಾಯಿಗೆ ಮುಳ್ಳಿನ ಗೆಲ್ಲುಗಳನ್ನು ತಂದು ಒಡ್ಡಿದ.

ಕೆಲವು ವಾರಗಳ ಬಳಿಕ ಬೈಲಿನ ಆಚೆ ಮೂಲೆಯಿಂದ ಮತ್ತೆ ಆ ಊದುವ ಕೂಗು ಕೇಳಿಸಿತು. ಅವನ ಎದೆ ಕುಣಿಯಿತು, ಆದರೆ ಅತ್ತ ಹೆಜ್ಜೆ ಇಡಲಿಲ್ಲ. ಬದುವಿನ ಮೇಲೆ, ಸೋಗೆ ಹೊದಿಸಿದ ಸಣ್ಣ ಮರೆಯೊಂದನ್ನು ಕಟ್ಟಿ ಎರಡು ಬೆಂಚು ಹಾಕಿದ.

ಮೂರು ವಾರ ಕಳೆದು ಮಂಗಳೂರಿನ ಮೋಕ್ಷಿತ್ ಬಂದ. ಉದ್ದನೆಯ ಲೆನ್ಸಿನ ಈತ ಪ್ರತಿ ವರ್ಷ ಸ್ನೇಹಿತರ ಗುಂಪು ಕಟ್ಟಿಕೊಂಡು ಬರುವವನು.

"ಗೂಡು ಎಲ್ಲಿ?"

"ಗೂಡು ತೋರಿಸುದಿಲ್ಲ. ಇಲ್ಲಿ ಕೂರುವ. ಬಂದರೆ ಬರ್ತದೆ."

"ಎಂತ ತಮಾಷೆ ಮಾರಾಯ್ರೆ! ಒಂದು ಸಲ ಮೊಬೈಲಿನಲ್ಲಿ ಆ ಕೂಗು ಹಾಕಿ, ಐದು ನಿಮಿಷದ ಕೆಲಸ."

"ಐದು ನಿಮಿಷವೇ. ಆದರೆ ಹಿಂದೆಯೇ ಕೆಂಬೂತ ಬರ್ತದೆ. ಒಮ್ಮೆ ಆಗಿದೆ, ಇನ್ನು ಆಗುದಿಲ್ಲ."

ಮೋಕ್ಷಿತ್ ಸಿಟ್ಟಿನಿಂದ ಕಾರು ಹತ್ತಿದ. ಅವನ ಗುಂಪಿನ ಇಬ್ಬರು ಹಿಂದೆ ಉಳಿದು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತರು. ಅವರಿಗೆ ಮಿಂಚುಳ್ಳಿ ಕಂಡಿತು, ಹುಂಡುಕೋಳಿ ಕಂಡಿತು, ಉಲ್ಲಂಕಿ ಕಾಣಲಿಲ್ಲ. ಮರಳಿ ಬರುತ್ತೇವೆ ಎಂದು ಹೋದರು. ಬರುತ್ತಾರೋ ಇಲ್ಲವೋ, ಅವನಿಗೆ ಗೊತ್ತಿರಲಿಲ್ಲ.

ಸುದ್ದಿ ಅಣ್ಣನ ಕಿವಿಗೆ ಬೀಳಲು ತಡವಾಗಲಿಲ್ಲ. ಸಂಜೆ ರಾಧಾಕೃಷ್ಣ ನೇರ ಬದುವಿಗೇ ಬಂದ.

"ಬಂದವರನ್ನು ಓಡಿಸ್ತಿಯಂತೆ? ಹಾಗಾದರೆ ಈ ಕೆಸರು ಇಟ್ಟುಕೊಂಡು ಎಂತ ಪ್ರಯೋಜನ? ಸುಮ್ಮನೆ ಮಣ್ಣು ಹಾಕುವ."

"ನಿನ್ನ ಪಾಲಿಗೆ ನೀನು ಹಾಕು ಅಣ್ಣ, ನಾನು ಬೇಡ ಹೇಳುದಿಲ್ಲ. ನನ್ನ ಪಾಲು ಹೀಗೇ ಇರಲಿ," ಎಂದ ವಿಷ್ಣುಪ್ರಸಾದ. "ಒಂದು ಗಳಿಗೆ ಕೂತು ಹೋಗು."

ರಾಧಾಕೃಷ್ಣ ಗೊಣಗುತ್ತ ಕೂತ. ಬಿಸಿಲು ಇಳಿಯಿತು. ಬೈಲಿನ ಆಚೆ ಮೂಲೆಯಲ್ಲಿ ಹುಲ್ಲು ಬೇರ್ಪಟ್ಟು ಗಂಡು ಉಲ್ಲಂಕಿ ಹೊರಬಂತು. ಅದರ ಹಿಂದೆ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಮರಿಗಳು ಕೆಸರಿನಲ್ಲಿ ಎಡವುತ್ತ ಬಂದವು. ಒಂದು ಮರಿ ಹಿಂದುಳಿಯಿತು. ತಂದೆ ನಿಂತು ಕಾದಿತು.

"ತಾಯಿ ಎಲ್ಲಿ?" ರಾಧಾಕೃಷ್ಣನ ಸ್ವರ ತಾನಾಗಿಯೇ ಇಳಿದಿತ್ತು.

"ಇವುಗಳಲ್ಲಿ ಸಾಕುದು ಅಪ್ಪನೇ."

ರಾಧಾಕೃಷ್ಣ ಕಣ್ಣು ಕಿರಿದು ಮಾಡಿ ಮುಂದೆ ಬಾಗಿದ. "ದೂರ ಆಯಿತು. ಆ ಕಲ್ಲಿನ ಹತ್ತಿರ ಹೋದರೆ ಚೆನ್ನಾಗಿ ಕಾಣ್ತದಲ್ಲ?"

ವಿಷ್ಣುಪ್ರಸಾದ ಉತ್ತರಿಸಲು ಬಾಯಿ ತೆರೆಯುವ ಮೊದಲೇ ಅಣ್ಣ ತಲೆಯಲ್ಲಾಡಿಸಿದ. "ಬೇಡ ಬೇಡ, ಇಲ್ಲಿಂದಲೇ ಸಾಕು," ಎಂದು ಬೆಂಚಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು ಕೂತ.