ಮೋಟುಮರ ಬೆಳೆದ ಬಗೆ

ನಾನು ವಿಮಾನ ಓಡಿಸುವವನು. ನನ್ನ ವಿಮಾನದ ಹೊಟ್ಟೆಯಲ್ಲಿರುವ ಲೇಸರ್ ಯಂತ್ರ ಕೆಳಗಿನ ಹುಲ್ಲುಗಾವಲಿಗೆ ಬೆಳಕು ಬಿಟ್ಟು, ಮರದ ತುದಿ ಎಷ್ಟೆತ್ತರ, ಬುಡದ ನೆಲ ಎಷ್ಟೆತ್ತರ ಎಂದು ಅಳೆದು ತರುತ್ತದೆ. ತಂದದ್ದಕ್ಕೆ ಕಿತ್ತಾಡುವವರು ಇಬ್ಬರು: ಮರಗಳ ಲೆಕ್ಕವಿಡುವ ನನ್ನ ಹೆಂಡತಿ, ಭೂಕಂಪದಲ್ಲಿ ನೆಲ ಎಲ್ಲಿ ಮುರಿಯಿತೆಂದು ಹುಡುಕುವ ಅವಳ ತಮ್ಮ. ಅವಳಿಗೆ ನೆಲ ಕಸ, ಅವನಿಗೆ ಮರ ಕಸ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಗಾಡಿ ನಾನು.

ಕಳೆದ ತಿಂಗಳ ಭೂಕಂಪಕ್ಕೆ ನಮ್ಮ ಮಗಳ ಶಾಲೆ ಕುಸಿಯಿತು. ರಜೆಯಾದ್ದರಿಂದ ಮಕ್ಕಳು ಉಳಿದರು. ಹೊಸ ಶಾಲೆಯನ್ನು ಹುಲ್ಲುಗಾವಲಿನಲ್ಲಿ ಕಟ್ಟಬಹುದೇ ಎಂದು ಭಾವಮೈದ ಹೇಳಬೇಕಿತ್ತು. ನಾನು ಹಾರಿ ಅಳೆದು ತಂದೆ. ಅವನು ಮರ, ಪೊದೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬೋಳಿಸಿ ನೋಡಿ, “ನೆಲ ಮುರಿದೇ ಇಲ್ಲ ಭಾವ, ಧಾರಾಳವಾಗಿ ಕಟ್ಟಲಿ” ಎಂದ.

“ಎರಡು ವರ್ಷದ ಹಿಂದೆ ಅಳೆದದ್ದು ನನ್ನ ಹತ್ರ ಇದೆ, ಹೋಲಿಸಿ ನೋಡೋ” ಎಂದಳು ಅವನ ಅಕ್ಕ.

“ಮರ ಎಣಿಸೋರ ಹಳೇ ನಕ್ಷೆ ನನಗ್ಯಾಕೆ?”

“ಹಾಗಾದ್ರೆ ನಿನ್ನ ಹೊಸ ನೆಲಾನೂ ನನಗೆ ಬೇಡ!”

ಮುಖ ಊದಿಸಿಕೊಂಡವಳು ನಾನು ಈಗ ತಂದ ಮರದ ತುದಿಗಳ ಎತ್ತರವನ್ನು ಹಳೆಯ ನಕ್ಷೆಯ ನೆಲದಿಂದಲೇ ಅಳೆದಳು. ಮರುದಿನ ಆಫೀಸಿನಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹುಲ್ಲುಗಾವಲಿನ ಒಂದು ಪಕ್ಕದ ಮರಗಳೆಲ್ಲ ಇನ್ನೊಂದು ಪಕ್ಕದವಕ್ಕಿಂತ ಒಂದು ಮೊಳ ಹೆಚ್ಚು ಬೆಳೆದಿದ್ದವಂತೆ! ಊರಿಗೆಲ್ಲ ಫೋನು ಮಾಡುವ ಸಡಗರದಲ್ಲಿದ್ದಳು.

ಭಾವಮೈದ ಅವಳ ಪರದೆಗೆ ಮೂಗು ತಾಗಿಸಿ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಕ್ಕಾ, ಸಿಡಿಲು ಬಡಿದು ಸತ್ತ ಆ ಮೋಟುಮರಾನೂ ಒಂದು ಮೊಳ ಬೆಳೆದಿದೆ ನೋಡೇ! ಯಾವ ಗೊಬ್ಬರ ಹಾಕ್ದೆ?”

ನಾನೂ ನಕ್ಕೆ. ನಗಬಾರದಿತ್ತು.

ಅಷ್ಟರಲ್ಲಿ ಅವನ ನಗು ಬಾಯಲ್ಲೇ ನಿಂತಿತು. ಸತ್ತ ಮರ ಬೆಳೆಯುವುದಿಲ್ಲ. ಅದು ನಿಂತ ನೆಲವೇ ಮೇಲೆದ್ದಿತ್ತು. ನೆಲ ಮುರಿದಲ್ಲಿ ಎದ್ದ ಮೊಳದೆತ್ತರದ ಮೆಟ್ಟಿಲನ್ನು ಅವನ ಕಂಪ್ಯೂಟರು ಪೊದೆಯೆಂದು ಬೋಳಿಸಿ ಬಿಸಾಡಿತ್ತು. ‘ಬೆಳೆದ’ ಮರಗಳ ಅಂಚಿನ ಗೆರೆ ನೇರ ಶಾಲೆಯ ಜಾಗದ ನಡುವೆಯೇ ಹಾದುಹೋಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಅಕ್ಕ ತಮ್ಮನ ಜಗಳದಲ್ಲಿ ಕೂಸೇ ಇಲ್ಲವಾಗುತ್ತಿತ್ತು.

ಭಾವಮೈದ ಫೋನೆತ್ತಿ, “ಅಲ್ಲಿ ಕಟ್ಟಬೇಡಿ, ತಪ್ಪು ನನ್ನದು” ಎಂದ. ಆಮೇಲೆ ಅಕ್ಕನ ಮುಖ ನೋಡದೆ, “ಆ ಹಳೇ ನಕ್ಷೆ ಕೊಡ್ತೀಯಾ?” ಎಂದು ಕೇಳಿದ.

“ಯಾಕೋ, ಮರ ಎಣಿಸೋರದ್ದು ಬೇಡ ಅಂದೆ?”

“ಕೊಡೇ ಅಕ್ಕಾ.”

ಕೊಟ್ಟಳು. ಅವನ ಹೊಸ ನೆಲವನ್ನೂ ಇಸಿದುಕೊಂಡು ಮೋಟುಮರವನ್ನು ಮತ್ತೆ ಅಳೆದಳು. ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಅದನ್ನು ನೋಡುತ್ತಾ ನನ್ನ ಹೆಂಡತಿ ಮಗಳನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೊರೆಸಿಕೊಂಡ ಮೇಲೆ, ನಾನು ನಕ್ಕದ್ದು ನೆನಪಾಗಿ ನನ್ನ ಕಡೆ ತಿರುಗಿದಳು.